ಹನ್ನೆರಡು ಶೆಡ್ಡು, ಒಂದು ಮೇಜು: ಸಣ್ಣ ಘಟಕದವರು ಸೇರಿ ಕಲಿಯುವ ಕೂಟ ಕಟ್ಟುವ ಬಗೆ

ಪೀಣ್ಯದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ಕಂಪ್ಯೂಟರ್ ಹೇಳಿದಂತೆ ಓಡುವ ಎರಡು ಸಿಎನ್‌ಸಿ ಲೇತ್, ಒಂದು ಹಳೇ ಮಿಲ್ಲಿಂಗ್ ಮಷೀನ್, ಐದು ಜನ ಹುಡುಗರು. ಪಕ್ಕದ ಶೆಡ್ಡಿನವರ ಜೊತೆ ಒಂಬತ್ತು ವರ್ಷ ನನಗಿದ್ದ ಸಂಬಂಧ ಏನು ಗೊತ್ತಾ? ಅವರ ಟೆಂಪೊ ನಮ್ಮ ಗೇಟಿಗೆ ಅಡ್ಡ ನಿಂತಾಗ ಒಂದು ಜಗಳ. ಅಷ್ಟೇ. ಆಮೇಲೊಂದು ದಿನ ಕರೆಂಟ್ ಹೋಗಿ ಇಬ್ಬರೂ ಹೊರಗೆ ನಿಂತಿದ್ದಾಗ ಮಾತಿಗೆ ಮಾತು ಬಂತು. ನಾನು ರಾಜಾಜಿನಗರದ ತನಕ ಕಳಿಸಿ ಮಾಡಿಸುತ್ತಿದ್ದ ಗ್ರೈಂಡಿಂಗ್ ಕೆಲಸ ಅವರ ಶೆಡ್ಡಿನಲ್ಲೇ ಆಗುತ್ತಿತ್ತು! ನಡುವೆ ಇದ್ದದ್ದು ಒಂದು ಒಂಬತ್ತಿಂಚಿನ ಗೋಡೆ.

ಆ ಗೋಡೆಯಿಂದಲೇ ನಮ್ಮ ಕೂಟ ಶುರುವಾಯಿತು. ಈಗ ಹನ್ನೆರಡು ಜನ ಇದ್ದೇವೆ. ಅದಕ್ಕೂ ಮೊದಲು ಒಂದು ಗುಂಪು ಕಟ್ಟಿ ಮೂರೇ ತಿಂಗಳಲ್ಲಿ ಮುಚ್ಚಿದ ಅನುಭವವೂ ಇದೆ. ಎರಡರಿಂದಲೂ ಕಲಿತದ್ದನ್ನ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಬೆಳಗಾವಿಯ ಉದ್ಯಮಬಾಗ್ ಇರಲಿ, ಹುಬ್ಬಳ್ಳಿಯ ಗೋಕುಲ ರಸ್ತೆ ಇರಲಿ, ಊರಿಗೊಂದು ಇಂಡಸ್ಟ್ರಿಯಲ್ ಏರಿಯಾ ಇದ್ದೇ ಇರುತ್ತದೆ. ಕ್ರಮ ಹೆಚ್ಚು ಕಡಿಮೆ ಇದೇ.

ಮೊದಲು ನಿಮ್ಮ ಕಾಗದ ಸರಿ ಮಾಡಿಕೊಳ್ಳಿ

ಇದು ಬೇಜಾರಿನ ಕೆಲಸ, ಬೇಗ ಮುಗಿಸೋಣ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರ ಕೊಡುವ ಗುರುತು, ಇಲ್ಲದಿದ್ದರೆ ಮೊದಲು ಅದನ್ನ ಮಾಡಿ. 2020ರ ಜುಲೈನಿಂದ ಇರುವ ವ್ಯವಸ್ಥೆ ಇದು. ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಆಧಾರ್, ಪ್ಯಾನ್, ಜಿಎಸ್‌ಟಿ ನಂಬರ್ ಇದ್ದರೆ ಕೂತಲ್ಲೇ ಆಗುತ್ತದೆ, ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡಬೇಕಿಲ್ಲ. ಇದಕ್ಕೆ ಎರಡು ಸಾವಿರ, ಮೂರು ಸಾವಿರ ಕೇಳುವ ಖಾಸಗಿ ವೆಬ್‌ಸೈಟುಗಳು ಸರ್ಕಾರಿ ಪೋರ್ಟಲ್ ಥರಾನೇ ಕಾಣುತ್ತವೆ. ನಮ್ಮ ಕೂಟದಲ್ಲೇ ಇಬ್ಬರು ಹಾಗೆ ದುಡ್ಡು ಕಟ್ಟಿದ್ದರು.

2025ರ ಏಪ್ರಿಲ್ 1ರಿಂದ ಮಿತಿಗಳು ಬದಲಾಗಿವೆ. ಯಂತ್ರಗಳ ಮೇಲಿನ ಹೂಡಿಕೆ ಎರಡೂವರೆ ಕೋಟಿ, ವರ್ಷದ ವಹಿವಾಟು 10 ಕೋಟಿ ದಾಟದಿದ್ದರೆ ಅತಿಸಣ್ಣ ಘಟಕ. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿಯ ಒಳಗಿದ್ದರೆ ಸಣ್ಣ ಘಟಕ. ನಾವೆಲ್ಲ ಇದರೊಳಗೇ ಬರುವವರು. ಈ ಉದ್ಯಮ್ ನಂಬರ್ ಯಾಕೆ ಮುಖ್ಯ ಅನ್ನೋದು ಮುಂದೆ ಪೇಮೆಂಟ್ ಮಾತು ಬಂದಾಗ ಗೊತ್ತಾಗುತ್ತದೆ.

ಯಾರನ್ನ ಸೇರಿಸಬೇಕು

ನಮ್ಮ ಮೊದಲ ಗುಂಪಿನಲ್ಲಿ ಮೂವತ್ತನಾಲ್ಕು ಜನ ಇದ್ದರು. ವಾಟ್ಸಾಪಿನಲ್ಲಿ. ಬೆಳಗ್ಗೆ ಎದ್ದರೆ ಗುಡ್ ಮಾರ್ನಿಂಗ್ ಹೂವು, ಮಧ್ಯಾಹ್ನ ಯಾರದ್ದೋ ಫ್ಲ್ಯಾಟ್ ಮಾರಾಟಕ್ಕಿದೆ, ರಾತ್ರಿ ರಾಜಕೀಯ. ಮೀಟಿಂಗ್ ಅಂತ ಕರೆದರೆ ಹೋಟೆಲಿನ ಹಾಲಿನಲ್ಲಿ ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಕಂಪನಿ ಹೆಸರು ಹೇಳಿ ಕೂರುವುದು. ಎಲ್ಲರ ಕೈಯಲ್ಲೂ ವಿಸಿಟಿಂಗ್ ಕಾರ್ಡ್. ಕೊಡುವವರು ಮೂವತ್ತನಾಲ್ಕು ಜನ, ಕೊಳ್ಳುವವರು ಒಬ್ಬರೂ ಇಲ್ಲ. ಇನ್ಶೂರೆನ್ಸ್ ಮಾಡಿಸುವ ಒಬ್ಬರಿಗೆ ಮಾತ್ರ ಒಂದಿಷ್ಟು ವ್ಯಾಪಾರ ಆಯಿತು ಅಂತ ಕಾಣುತ್ತದೆ.

ಹಾಗಾಗಿ ಎಂಟರಿಂದ ಶುರು ಮಾಡಿ, ಹನ್ನೆರಡಕ್ಕೆ ನಿಲ್ಲಿಸಿ. ಒಂದು ಮೇಜಿನ ಸುತ್ತ ಕೂತರೆ ಎಲ್ಲರ ಮಾತೂ ಎಲ್ಲರಿಗೂ ಕೇಳಬೇಕು, ಅದೇ ಅಳತೆ. ಶೆಡ್ಡುಗಳ ನಡುವೆ ಹತ್ತು ಹದಿನೈದು ನಿಮಿಷದ ದಾರಿ ಇದ್ದರೆ ಸಾಕು. ಅದಕ್ಕಿಂತ ದೂರ ಇದ್ದವರು ಮೊದಲೆರಡು ಸಲ ಬರುತ್ತಾರೆ, ಆಮೇಲೆ ಟ್ರಾಫಿಕ್ ಕಾರಣ ಹೇಳುತ್ತಾರೆ. ತಪ್ಪು ಅವರದ್ದಲ್ಲ.

ಒಂದೇ ಕಸುಬಿನವರನ್ನ ಸೇರಿಸಬೇಕಾ, ಬೇರೆ ಬೇರೆಯವರನ್ನಾ? ಬಿಎನ್‌ಐ ತರಹದ ಕೂಟಗಳಲ್ಲಿ ಒಂದು ಗುಂಪಿಗೆ ಒಂದು ಕಸುಬಿನಿಂದ ಒಬ್ಬರೇ. ಅಲ್ಲಿ ಮುಖ್ಯ ಉದ್ದೇಶ ಒಬ್ಬರಿಗೊಬ್ಬರು ಗಿರಾಕಿ ಕೊಡಿಸುವುದು, ಅದಕ್ಕೆ ಆ ನಿಯಮ ಸರಿ. ನಮಗೆ ಕಲಿಯೋದೂ ಬೇಕಿತ್ತು. ಕೆಲಸ ಬರೋದು ಪಕ್ಕದ ಕಸುಬಿನವರಿಂದ, ವಿದ್ಯೆ ಬರೋದು ನಮ್ಮದೇ ಕಸುಬಿನವರಿಂದ. ಹಾಗಾಗಿ ಬೇಕೆಂದೇ ಟರ್ನಿಂಗ್, ಅಂದರೆ ಲೇತ್ ಕೆಲಸ, ಮಾಡುವವರು ನಾಲ್ಕು ಜನ ಇದ್ದೇವೆ. ಉಳಿದವರಲ್ಲಿ ಗ್ರೈಂಡಿಂಗ್, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಪೌಡರ್ ಕೋಟಿಂಗ್, ಫ್ಯಾಬ್ರಿಕೇಶನ್, ರಟ್ಟಿನ ಡಬ್ಬಿ ಮಾಡುವವರು, ಟೂಲ್ ರೂಮ್ ಇಟ್ಟವರು, ಒಬ್ಬ ಟೆಂಪೊ ಮಾಲೀಕರು. ಪೈಪೋಟಿಯವರನ್ನ ಪಕ್ಕ ಕೂರಿಸಿಕೊಳ್ಳೋದು ಮೊದಮೊದಲು ಕಷ್ಟ. ನನಗೂ ಆಗಿತ್ತು. ಆದರೆ ನಾಲ್ಕು ಜನ ಟರ್ನಿಂಗ್‌ನವರಲ್ಲಿ ಒಬ್ಬರಿಗೆ ಸಣ್ಣ ಪೀಸು ಚೆನ್ನಾಗಿ ಬರುತ್ತದೆ, ಇನ್ನೊಬ್ಬರ ಲೇತಿನಲ್ಲಿ ಪೀಸನ್ನ ಹಿಡಿಯುವ ಚಕ್ ದೊಡ್ಡದಿದೆ. ಪೈಪೋಟಿ ನಾವು ಅಂದುಕೊಂಡಷ್ಟು ಇರಲೇ ಇಲ್ಲ.

ಸೇರಿಸುವ ಮೊದಲು ಅವರ ಶೆಡ್ಡಿಗೆ ನೀವೇ ಹೋಗಿ. ಫೋನಿನಲ್ಲಿ ಕರೆಯಬೇಡಿ. ಮಾಲೀಕರೇ ಬರಬೇಕು ಅಂತ ಮೊದಲೇ ಹೇಳಿ. ಮ್ಯಾನೇಜರನ್ನ ಕಳಿಸಿದರೆ ಅವರು ಪಾಪ ನಷ್ಟದ ವಿಷಯ ಬಾಯಿ ಬಿಡೋಕಾಗಲ್ಲ.

ದಿನ, ಜಾಗ, ಟೀ

ದಿನ ಗೊತ್ತು ಮಾಡೋದು ಸುಮ್ನೆ ಅಲ್ಲ. ಸಣ್ಣ ಘಟಕದ ಮಾಲೀಕನ ತಿಂಗಳು ಹೇಗಿರುತ್ತದೆ ನೋಡಿ. 7ಕ್ಕೆ ಟಿಡಿಎಸ್, ಅದರ ಹಿಂದೆ ಮುಂದೆಯೇ ಸಂಬಳ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ 11ಕ್ಕೆ ಜಿಎಸ್‌ಟಿಆರ್-1. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ ಜಿಎಸ್‌ಟಿಆರ್-3ಬಿ. ತಿಂಗಳ ಕೊನೆಗೆ ಡಿಸ್‌ಪ್ಯಾಚ್ ಗಲಾಟೆ. ಉಳಿದದ್ದು 21ರಿಂದ 27ರವರೆಗೆ, ಅಷ್ಟೇ. ನಾಲ್ಕನೇ ಶನಿವಾರ ಯಾವಾಗಲೂ 22ರಿಂದ 28ರೊಳಗೆ ಬರುತ್ತದೆ. ಅವತ್ತು ಬ್ಯಾಂಕಿಗೂ ರಜೆ, ಬೇಕೆಂದರೆ ಬ್ಯಾಂಕಿನವರನ್ನೇ ಕರೆಸಿ ಕೂರಿಸಿಕೊಳ್ಳಬಹುದು. ನಮ್ಮದು ನಾಲ್ಕನೇ ಶನಿವಾರ ಸಂಜೆ ಐದೂವರೆಗೆ ಶುರು, ಏಳಕ್ಕೆ ಮುಗಿಯಲೇಬೇಕು.

ಜಾಗ ಹೋಟೆಲ್ ಬೇಡ. ಸರದಿ ಮೇಲೆ ಒಬ್ಬೊಬ್ಬರ ಶೆಡ್ಡಿನಲ್ಲಿ ಸೇರಿ. ಮೊದಲ ಇಪ್ಪತ್ತು ನಿಮಿಷ ಶೆಡ್ ಸುತ್ತೋದು. ಇದಕ್ಕಿಂತ ಒಳ್ಳೆ ತರಬೇತಿ ನಾನು ಕಂಡಿಲ್ಲ. ಒಬ್ಬರ ಟೂಲ್ ಸ್ಟ್ಯಾಂಡ್ ನೋಡಿ ಇನ್ನೊಬ್ಬರು ಹಾಗೇ ಮಾಡಿಸಿಕೊಳ್ಳುತ್ತಾರೆ. ಎಣ್ಣೆ ಚೆಲ್ಲಿದ ನೆಲ ಕಂಡರೆ ಹನ್ನೊಂದು ಜನ ಸುಮ್ಮನೆ ಬಗ್ಗಿ ನೋಡುತ್ತಾರೆ. ಮಾಲೀಕ ಮುಂದಿನ ಸಲ ತಾನಾಗೇ ಸರಿ ಮಾಡಿರುತ್ತಾನೆ. ಯಾರ ಮನೆಗೆ ನೆಂಟರು ಬರುತ್ತಾರೋ ಅವರು ಮನೆ ಗುಡಿಸುತ್ತಾರೆ, ಅಲ್ವಾ?

ಟೀ, ಬೋಂಡ ಆ ಶೆಡ್ಡಿನವರದ್ದು. ತಿಂಗಳಿಗೆ ತಲಾ 300 ರೂಪಾಯಿ ಒಟ್ಟು ಮಾಡುತ್ತೇವೆ. ಯಾರನ್ನಾದರೂ ಹೊರಗಿನಿಂದ ಕರೆಸಿದರೆ ಓಡಾಟದ ಖರ್ಚು ಅದರಲ್ಲಿ ಆಗುತ್ತದೆ.

ಮೇಜಿನ ಮೇಲೆ ಏನಿಡಬೇಕು

ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನ ಇಟ್ಟುಕೊಳ್ಳಿ. ಪ್ರತಿ ಸಲ ಇಬ್ಬರು ತಮ್ಮ ಒಂದು ಸೋಲನ್ನ ತರಬೇಕು. ಕೈಯಲ್ಲಿ ಹಿಡಿಯುವಂಥದ್ದನ್ನೇ ತರಬೇಕು. ರಿಜೆಕ್ಟ್ ಆದ ಪೀಸು, ಡೆಬಿಟ್ ನೋಟು, ಕೈತಪ್ಪಿದ ಕೊಟೇಶನ್ನು. ಬಾಯಿಮಾತಿನ ಕಷ್ಟಕ್ಕೆ ಬಾಯಿಮಾತಿನ ಸಮಾಧಾನ ಸಿಗುತ್ತದೆ. ಪೀಸು ಕೈಯಿಂದ ಕೈಗೆ ದಾಟಿದರೆ ಬೇರೇನೋ ಆಗುತ್ತದೆ.

ಮೂರನೇ ಮೀಟಿಂಗಿನಲ್ಲಿ ಆದದ್ದು ಹೇಳುತ್ತೇನೆ. ನಮ್ಮಲ್ಲೇ ಚಿಕ್ಕವನು ಒಬ್ಬ ಗನ್‌ಮೆಟಲ್ ಬುಷ್ (ನಡುವೆ ಬೋರ್, ಅಂದರೆ ರಂಧ್ರ, ಇರುವ ಕೊಳವೆಯಂಥ ತುಂಡು) ಒಂದನ್ನ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ತೆಳು ಗೋಡೆ, ಮೂರು ಮಿಲಿಮೀಟರ್ ಇದ್ದೀತು. ಪಾರ್ಟಿ, ಅಂದರೆ ಕೆಲಸ ಕೊಟ್ಟ ಗಿರಾಕಿ, 200 ಪೀಸು ವಾಪಸ್ ಕಳಿಸಿದ್ದರು. ‘ಸರ್, ನಮ್ಮಲ್ಲಿ ಯಾವ ಕಡೆಯಿಂದ ಅಳೆದರೂ ಬೋರ್ ಸರಿಯಾಗೇ ಬರುತ್ತೆ. ಪಾರ್ಟಿಯವರ ಪ್ಲಗ್ ಗೇಜ್ ಮಾತ್ರ ಒಳಗೆ ಹೋಗಲ್ಲ. ಅವರ ಗೇಜೇ ಸರಿಯಿಲ್ಲ ಅನ್ಸುತ್ತೆ’ ಅಂದ.

ಬುಷ್ ಮೇಜು ಸುತ್ತಿತು. ಜೀವಮಾನವೆಲ್ಲ ಲೇತ್ ಮುಂದೆ ನಿಂತ ಯಜಮಾನರೊಬ್ಬರು ನಮ್ಮಲ್ಲಿದ್ದಾರೆ. ಅವರು ಅದನ್ನ ಅಳೆಯಲಿಲ್ಲ. ಹೊರಮೈ ಮೇಲೆ ಹೆಬ್ಬೆರಳು ಆಡಿಸಿದರು, ಮೂರು ಕಡೆ ಸಣ್ಣ ಗುರುತು ಇತ್ತು. ‘ಮೂರು ಜಾ ಚಕ್ಕಲ್ಲಿ ಹಿಡಿದು ಬೋರ್ ಹೊಡೆದಿದ್ದೀಯ ಅಲ್ವೇನಪ್ಪಾ? ಬಿಗಿ ಜಾಸ್ತಿ ಆಗಿದೆ.’

ವಿಷಯ ಇಷ್ಟು. ಚಕ್ಕಿನ ಮೂರು ಜಾ, ಅಂದರೆ ಹಿಡಿಗಳು, ತೆಳು ಬುಷ್ಷನ್ನ ಮೂರು ಕಡೆ ಅದುಮಿ ಹಿಡಿದಾಗ ಅದು ಒಂಚೂರು ಒಳಕ್ಕೆ ಬಗ್ಗುತ್ತದೆ. ಹಾಗೆ ಬಗ್ಗಿದ್ದಾಗಲೇ ಗುಂಡಗೆ ಬೋರ್ ಮಾಡುತ್ತೀರಿ. ಚಕ್ ಬಿಟ್ಟ ಮೇಲೆ ಬುಷ್ ತನ್ನ ಆಕಾರಕ್ಕೆ ಮರಳುತ್ತದೆ, ಬೋರ್ ಮೂರು ಮೂಲೆಯಾಗುತ್ತದೆ. ತಮಾಷೆ ಏನೆಂದರೆ, ಎದುರುಬದುರು ಎರಡು ಬಿಂದು ಮುಟ್ಟಿ ಅಳೆಯುವ ಮೈಕ್ರೋಮೀಟರಿಗೆ ಇದು ಸಿಗೋದೇ ಇಲ್ಲ. ಒಂದು ಕಡೆ ಉಬ್ಬಿದ್ದರೆ ಅದರ ಎದುರಿಗೆ ತಗ್ಗಿರುತ್ತದೆ, ಅಳತೆ ಅಷ್ಟೇ ಬರುತ್ತದೆ. ಪ್ಲಗ್ ಗೇಜ್ ಮಾತ್ರ ಸುತ್ತಲೂ ಒಟ್ಟಿಗೆ ಮುಟ್ಟುವುದರಿಂದ ಸಿಕ್ಕಿಕೊಳ್ಳುತ್ತದೆ. ಪಾರ್ಟಿಯ ಗೇಜ್ ಸರಿಯಾಗೇ ಇತ್ತು.

ಪರಿಹಾರವೂ ಅಲ್ಲೇ ಸಿಕ್ಕಿತು. ಬುಷ್ಷಿನ ಹೊರ ಅಳತೆಗೆ ಸರಿಯಾಗಿ ಕೊರೆದ, ಅಗಲವಾದ ಸಾಫ್ಟ್ ಜಾ (ಮೆತ್ತನೆ ಲೋಹದ ಹಿಡಿ) ಹಾಕಬೇಕು. ಹಿಡಿತದ ಪ್ರೆಶರ್ ಇಳಿಸಬೇಕು, ಕೊನೆಯ ಕಟ್ ತೆಳ್ಳಗಿರಬೇಕು. ಅಳೆಯೋಕೆ ಮೂರು ಬಿಂದುವಿನ ಬೋರ್ ಮೈಕ್ರೋಮೀಟರ್ ಬೇಕು. ಅದು ಟೂಲ್ ರೂಮಿನವರ ಹತ್ತಿರ ಇತ್ತು, ಸೋಮವಾರ ಬೆಳಗ್ಗೆ ಹುಡುಗ ಹೋಗಿ ಇಸಕೊಂಡು ಬಂದ. ಅವನ ಮುಂದಿನ ಲಾಟ್ ಪಾಸಾಯಿತು. ಒಬ್ಬ ಕನ್ಸಲ್ಟೆಂಟನ್ನ ಕರೆಸಿದ್ದರೆ ಮೊದಲು ಪಿಪಿಟಿ ತೋರಿಸುತ್ತಿದ್ದರು.

ಕೂಟದ ಕಟ್ಟುಪಾಡು

ಸೋಲು ಹೇಳಿಕೊಳ್ಳಬೇಕಾದರೆ ಧೈರ್ಯ ಬರಬೇಕು. ಅದಕ್ಕೆ ಕೆಲವು ಕಟ್ಟುಪಾಡು ಬೇಕು. ನಮ್ಮವು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದಂಥವು.

ಇಲ್ಲಿ ಕೇಳಿದ ಪಾರ್ಟಿ ಹೆಸರು, ರೇಟು, ಡ್ರಾಯಿಂಗ್ ಹೊರಗೆ ಹೋಗಬಾರದು. ಪಾರ್ಟಿಯ ಡ್ರಾಯಿಂಗ್ ಅವರದ್ದು, ಅದನ್ನ ಕೂಟದಲ್ಲೂ ತೋರಿಸುವ ಹಾಗಿಲ್ಲ. ಬೇಕಾದರೆ ಹೆಸರು ಅಳಿಸಿ ಆ ಭಾಗ ಮಾತ್ರ ಕೈಯಲ್ಲಿ ಬರೆದು ತೋರಿಸಿ. ಒಬ್ಬರ ಹುಡುಗರನ್ನ ಇನ್ನೊಬ್ಬರು ಎಳೆದುಕೊಳ್ಳಬಾರದು. ಹುಡುಗನೇ ಬಂದು ಕೆಲಸ ಕೇಳಿದರೆ ಮೊದಲು ಹಳೇ ಮಾಲೀಕರಿಗೆ ಒಂದು ಫೋನ್. ಕೈಸಾಲ, ಚೀಟಿ, ಪಾಲಿಸಿ ಮಾತು ಕೂಟದಲ್ಲಿ ಎತ್ತಬಾರದು. ಈ ಕೊನೆಯದ್ದನ್ನ ಮುರಿದ ಗುಂಪುಗಳು ಹೇಗೆ ಒಡೆದವು ಅನ್ನೋ ಕಥೆ ಪೀಣ್ಯದಲ್ಲಿ ಯಾವ ಟೀ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ.

ಇನ್ನೊಂದು. ‘ನಾವೆಲ್ಲ ಸೇರಿ ಗಂಟೆಗೆ ಇಷ್ಟಕ್ಕಿಂತ ಕಮ್ಮಿಗೆ ಮಾಡಬಾರದು ಅಂತ ಮಾತಾಡಿಕೊಳ್ಳೋಣ’ ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಬೇಡ. ಪೈಪೋಟಿಯವರು ಸೇರಿ ಬೆಲೆ ಕಟ್ಟುವುದು 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ತಪ್ಪು. ರೇಟು ಲೆಕ್ಕ ಹಾಕೋದನ್ನ ಒಟ್ಟಿಗೆ ಕಲಿಯಿರಿ, ಕೊಟ್ಟ ರೇಟು ನಿಮ್ಮ ನಿಮ್ಮಲ್ಲೇ ಇರಲಿ.

ಮೊದಲ ಪಾಠ: ಮಷೀನ್ ಗಂಟೆಯ ಲೆಕ್ಕ

ವರ್ಷಕ್ಕೆ ಹನ್ನೆರಡು ಪಾಠ ಅಂತ ದೊಡ್ಡ ಪಟ್ಟಿ ಮಾಡಬೇಡಿ. ನಾಲ್ಕು ವಿಷಯ ಸಾಕು: ಲೆಕ್ಕ, ಕ್ವಾಲಿಟಿ, ಪೇಮೆಂಟ್, ಜನ. ಒಂದೊಂದಕ್ಕೆ ಮೂರು ತಿಂಗಳು. ನಾವು ಲೆಕ್ಕದಿಂದ ಶುರು ಮಾಡಿದೆವು, ಯಾಕೆಂದರೆ ನಮ್ಮಲ್ಲಿ ಬಹಳ ಜನ ಪಕ್ಕದವರು ಎಷ್ಟು ಹೇಳುತ್ತಾರೋ ಅದಕ್ಕಿಂತ ಹತ್ತು ರೂಪಾಯಿ ಕಮ್ಮಿ ಹೇಳಿ ಬದುಕುತ್ತಿದ್ದೆವು.

ಎಲ್ಲರೂ ಪೆನ್ನು, ಹಾಳೆ ತರಬೇಕು. ಉದಾಹರಣೆಗೆ ಒಂದು ಸಿಎನ್‌ಸಿ ಲೇತ್ ತೆಗೆದುಕೊಳ್ಳಿ. ಬೆಲೆ 18 ಲಕ್ಷ, ಎಂಟು ವರ್ಷ ಬಾಳಿಕೆ ಅಂದರೆ ವರ್ಷಕ್ಕೆ 2,25,000. ಬಡ್ಡಿ ಸರಾಸರಿ 1,00,000. ಅದು ನಿಂತ ಜಾಗದ ಪಾಲಿನ ಬಾಡಿಗೆ ತಿಂಗಳಿಗೆ 12,000ದ ಹಾಗೆ 1,44,000. ಕರೆಂಟು 1,08,000. ಆಪರೇಟರ್ ತಿಂಗಳಿಗೆ 22,000ದ ಹಾಗೆ 2,64,000. ಇನ್ಸರ್ಟು (ಲೋಹ ಕತ್ತರಿಸುವ, ಸವೆದಾಗ ಬದಲಾಯಿಸುವ ತುದಿ), ಕೂಲೆಂಟು, ರಿಪೇರಿ 1,20,000. ಇನ್ಶೂರೆನ್ಸು, ಆಫೀಸು, ಚಿಲ್ಲರೆ 39,000. ಕೂಡಿದರೆ ಸರಿಯಾಗಿ 10 ಲಕ್ಷ.

ಈಗ ಗಂಟೆ. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ, ವರ್ಷಕ್ಕೆ 2,400. ಭಾಗಿಸಿದರೆ ಗಂಟೆಗೆ 417 ರೂಪಾಯಿ. ಎಲ್ಲರೂ ಇಲ್ಲಿಗೆ ನಿಲ್ಲಿಸಿ, ಒಂದು 33 ರೂಪಾಯಿ ಲಾಭ ಇಟ್ಟುಕೊಂಡು 450 ಅಂತ ಕೊಟೇಶನ್ ಕೊಡುತ್ತಾರೆ. ಆದರೆ ಮಷೀನು ಎಂಟು ಗಂಟೆಯೂ ಚಿಪ್ ಉದುರಿಸುತ್ತದಾ? ಸೆಟ್ಟಿಂಗ್, ಮೆಟೀರಿಯಲ್ ಬರದೆ ಕಾಯೋದು, ಕರೆಂಟ್ ಹೋಗೋದು, ಆಪರೇಟರ್ ರಜೆ. ನೂರಕ್ಕೆ 70 ಭಾಗ ಓಡಿದರೆ 1,680 ಗಂಟೆ. ಆಗ ಗಂಟೆಗೆ 595. ಅಂದರೆ 450ಕ್ಕೆ ಒಪ್ಪಿಕೊಂಡವರು ಲಾಭ ಬಂತು ಅಂದುಕೊಂಡೇ ಗಂಟೆಗೆ 145 ರೂಪಾಯಿ ಕೈಯಿಂದ ಹಾಕುತ್ತಿದ್ದಾರೆ.

ಅವತ್ತು ಸಂಜೆ ನಮ್ಮ ಮೇಜಿನ ಸುತ್ತ ಐದು ನಿಮಿಷ ಯಾರೂ ಮಾತಾಡಲಿಲ್ಲ. ಆ 70 ನಿಜವಾಗಿ ಎಷ್ಟು ಅಂತ ತಿಳಿಯೋಕೆ ಪ್ರತಿ ಮಷೀನಿನ ಪಕ್ಕ ಒಂದು ಹಾಳೆ ನೇತುಹಾಕಿ, ನಿಂತಾಗೆಲ್ಲ ಸಮಯ ಮತ್ತು ಕಾರಣ ಬರೆಸಿ. ಒಂದು ತಿಂಗಳು ಸಾಕು. ನನ್ನದು 58 ಬಂತು. ರೇಟು ಏರಿಸೋಕೆ ನನಗೆ ಧೈರ್ಯ ಇರಲಿಲ್ಲ. ಸೆಟ್ಟಿಂಗ್ ಸಮಯ ಇಳಿಸೋದರಿಂದ ಶುರು ಮಾಡಿದೆ.

ಹೊರಗಿನ ಕಲಿಕೆ ಎಲ್ಲಿ ಸಿಗುತ್ತದೆ

ಕೂಟದೊಳಗೆ ಸಿಗದ್ದು ಹೊರಗೆ ಸಿಗುತ್ತದೆ. ಬೆಂಗಳೂರಿನವರ ಪುಣ್ಯ ಇದು. ರಾಜಾಜಿನಗರದ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) 1972ರಲ್ಲಿ ಡೆನ್ಮಾರ್ಕ್ ಸಹಕಾರದಿಂದ ಶುರುವಾದದ್ದು. ಟೂಲ್ ಮತ್ತು ಡೈ ಕೆಲಸ ಕಲಿಸುವುದರಲ್ಲಿ ಅದಕ್ಕೆ ಒಳ್ಳೆ ಹೆಸರಿದೆ, ಈಗ ಹಲವು ಜಿಲ್ಲೆಗಳಲ್ಲೂ ಕೇಂದ್ರಗಳಿವೆ. ಕೆಲಸದಲ್ಲಿರುವವರಿಗೆ ಅಲ್ಪಾವಧಿ ಕೋರ್ಸ್ ಇವೆ. ತುಮಕೂರು ರಸ್ತೆಯಲ್ಲಿರುವ ಉತ್ಪಾದನಾ ತಂತ್ರಜ್ಞಾನದ ಕೇಂದ್ರ ಸಂಸ್ಥೆ ಸಿಎಂಟಿಐನಲ್ಲಿ ಅಳತೆ, ಮಷೀನಿಂಗ್ ವಿಷಯದ ತರಬೇತಿ ಸಿಗುತ್ತದೆ. ತಲೆ ಕೆಡಿಸುವ ಪೀಸ್ ಇದ್ದರೆ ಅಲ್ಲಿಯ ಲ್ಯಾಬಿನಲ್ಲಿ ಅಳೆಸಬಹುದು. ಕೇಂದ್ರ ಸರ್ಕಾರದ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮ) ಕಚೇರಿಯೂ ರಾಜಾಜಿನಗರದಲ್ಲೇ ಇದೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರ ಇದೆ. ರಫ್ತಿನ ಅ ಆ ಇ ಈ ಬೇಕಾದವರಿಗೆ ವಿಟಿಪಿಸಿ ಅನ್ನೋ ರಾಜ್ಯ ಸರ್ಕಾರದ ಕೇಂದ್ರ.

ಮಷೀನ್ ಕಸುಬಲ್ಲದವರಿಗೂ ದಾರಿಗಳಿವೆ. ಚಟ್ನಿಪುಡಿ, ಹಪ್ಪಳ, ಜ್ಯೂಸ್ ಮಾಡುವವರು ಮೈಸೂರಿನ ಆಹಾರ ತಂತ್ರಜ್ಞಾನ ಸಂಸ್ಥೆ ಸಿಎಫ್‌ಟಿಆರ್‌ಐ ನಡೆಸುವ ಕೋರ್ಸುಗಳನ್ನ ನೋಡಲೇಬೇಕು. ಶೇಂಗಾ ಚಟ್ನಿಪುಡಿ ಒಂದೇ ತಿಂಗಳಿಗೆ ಕಮಟು ವಾಸನೆ ಬಂದರೆ ರುಚಿಯಲ್ಲಿ ತಪ್ಪು ಹುಡುಕಬೇಡಿ, ಗಾಳಿ ಬೆಳಕು ಬಿಡುವ ತೆಳು ಕವರನ್ನ ಅನುಮಾನಿಸಿ. ಅಂಥದ್ದನ್ನ ಹೇಳಿಕೊಡುವ ಜಾಗ ಅದು. ಹೊಸದಾಗಿ ಶುರು ಮಾಡುವವರಿಗೆ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್, ಧಾರವಾಡದ ಉದ್ಯಮಶೀಲತೆ ಕಲಿಸುವ ಕೇಂದ್ರ ಸಿಡಾಕ್. ಹೆಣ್ಣುಮಕ್ಕಳು ನಡೆಸುವ ಉದ್ಯಮಗಳಿಗೆ 1983ರಿಂದ ಬೆಂಗಳೂರಿನಲ್ಲಿರುವ ಮಹಿಳಾ ಉದ್ಯಮಿಗಳ ಸಂಘ ಅವೇಕ್.

ನಾವು ಮಾಡಿಕೊಂಡ ಒಂದು ನಿಯಮ ಬಹಳ ಉಪಯೋಗಕ್ಕೆ ಬಂತು. ಯಾರು ತರಬೇತಿಗೆ ಹೋದರೂ ಫೀಸಿನ ಅರ್ಧ ಕೂಟದ ದುಡ್ಡಿನಿಂದ. ಆದರೆ ಮುಂದಿನ ಮೀಟಿಂಗಿನಲ್ಲಿ ಇಪ್ಪತ್ತು ನಿಮಿಷ ಅದನ್ನೇ ಉಳಿದವರಿಗೆ ಕಲಿಸಬೇಕು. ಕಲಿಸಬೇಕು ಅಂತ ಗೊತ್ತಿದ್ದರೆ ಕ್ಲಾಸಿನಲ್ಲಿ ನಿದ್ದೆ ಬರಲ್ಲ.

ದೊಡ್ಡ ಸಂಘಗಳನ್ನ ಬಿಡಬೇಡಿ. 1916ರಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿದ ರಾಜ್ಯದ ವಾಣಿಜ್ಯ, ಕೈಗಾರಿಕಾ ಮಹಾಸಂಘ ಎಫ್‌ಕೆಸಿಸಿಐ ಇದೆ, 1949ರಿಂದ ಸಣ್ಣ ಕೈಗಾರಿಕೆಗಳಿಗೇ ಮೀಸಲಾದ ಕಾಸಿಯಾ ಇದೆ, ಪೀಣ್ಯಕ್ಕೆ ಅದರದ್ದೇ ಸಂಘವಿದೆ. ರಸ್ತೆ, ಕರೆಂಟು, ತೆರಿಗೆ ವಿಷಯದಲ್ಲಿ ಸರ್ಕಾರದ ಬಾಗಿಲು ತಟ್ಟೋಕೆ ಅವರೇ ಬೇಕು, ನಮ್ಮ ಹನ್ನೆರಡು ಜನರ ದನಿ ಸಾಕಾಗಲ್ಲ. ಅವರ ಸೆಮಿನಾರಿಗೆ ಹೋದರೆ ಕೊನೆಯ ಸಾಲಿನಲ್ಲಿ ಕೂತು ಊಟ ಮಾಡಿ ಬರಬೇಡಿ. ಕೂಟದಿಂದ ಇಬ್ಬರು, ಬರೆದುಕೊಂಡ ಮೂರು ಪ್ರಶ್ನೆ. ಭಾಷಣ ಮುಗಿದ ಮೇಲೆ ಅಧಿಕಾರಿ ಟೀ ಕುಡಿಯುವ ಹತ್ತು ನಿಮಿಷದಲ್ಲೇ ನಿಜವಾದ ಉತ್ತರ ಸಿಗೋದು.

ಜನವರಿಯಲ್ಲಿ ಮಾದಾವರದ ಹತ್ತಿರ ಇಮ್‌ಟೆಕ್ಸ್ ಅನ್ನೋ ಯಂತ್ರಗಳ ಪ್ರದರ್ಶನ ಬಂದಾಗ ಒಟ್ಟಿಗೆ ಹೋಗಿ. ಬೆಸ ವರ್ಷಗಳಲ್ಲಿ ಕಟಿಂಗ್ ಮಷೀನುಗಳು, ಸಮ ವರ್ಷಗಳಲ್ಲಿ ಶೀಟ್, ಪ್ರೆಸ್ ಕೆಲಸದವು. ಈಗ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಹೋಗುತ್ತದೆ, ಪಾರ್ಕಿಂಗ್ ಗೋಳಿಲ್ಲ. ಹಾಲ್‌ಗಳನ್ನ ಹಂಚಿಕೊಳ್ಳಿ, ಸಂಜೆ ಒಂದು ಕಡೆ ಕೂತು ಯಾರು ಏನು ನೋಡಿದರು ಹೇಳಿ. ಒಬ್ಬರೇ ಹೋದರೆ ಕೈಚೀಲ ತುಂಬಾ ಕ್ಯಾಟಲಾಗು, ತಲೆಯಲ್ಲಿ ಏನೂ ಇರಲ್ಲ.

ಸಣ್ಣ ಘಟಕಗಳ ಗುಣಮಟ್ಟಕ್ಕೆ ಕೇಂದ್ರ ಸರ್ಕಾರ ಕೊಡುವ ಝಡ್ ಪ್ರಮಾಣಪತ್ರದ ಕಂಚು ಮಟ್ಟವನ್ನ ಕೂಟದಲ್ಲಿ ನಾಲ್ಕು ಜನ ಒಟ್ಟಿಗೆ ಮಾಡಿ. ಅತಿಸಣ್ಣ ಘಟಕಕ್ಕೆ ಫೀಸಿನಲ್ಲಿ ನೂರಕ್ಕೆ 80 ರಿಯಾಯಿತಿ ಇಟ್ಟು 2022ರಲ್ಲಿ ಹೊಸ ರೂಪದಲ್ಲಿ ಬಂದ ಯೋಜನೆ ಅದು, ಮಹಿಳೆಯರ ಘಟಕಕ್ಕೆ ಆಮೇಲೆ ಪೂರ್ತಿ ರಿಯಾಯಿತಿ ಬಂತು. ಒಬ್ಬರು ಅಪ್‌ಲೋಡ್ ಮಾಡಿದ ಫೋಟೊ ನೋಡಿದರೆ ಉಳಿದವರಿಗೆ ಸುಲಭ.

ಕೆಲಸ ಹಂಚಿಕೊಳ್ಳುವುದು, ಸಾಮಾನು ಹಂಚಿಕೊಳ್ಳುವುದು

ಆರೇಳು ತಿಂಗಳು ಕಳೆದ ಮೇಲೆ ಕೆಲಸ ತಾನಾಗೇ ಹರಿಯೋಕೆ ಶುರುವಾಗುತ್ತದೆ. ಅವಸರ ಮಾಡಬೇಡಿ. ಮೊದಲು ಸಣ್ಣ ಜಾಬ್ ವರ್ಕ್ (ನಮ್ಮ ಮಾಲಿನ ಮೇಲೆ ಅವರು ಮಾಡಿಕೊಡುವ ಕೆಲಸ) ಕೊಟ್ಟು ನೋಡಿ. ಮಾಲು ಹೋಗುವಾಗ ಡೆಲಿವರಿ ಚಲನ್ ಕಡ್ಡಾಯ, ‘ನಮ್ಮವರೇ ಅಲ್ವಾ’ ಅಂತ ಬಿಡಬೇಡಿ. ಜಿಎಸ್‌ಟಿ ನಿಯಮದಂತೆ ಜಾಬ್ ವರ್ಕಿಗೆ ಹೋದ ಕಚ್ಚಾ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು. ಪೀಸು ಕೆಟ್ಟರೆ ಮೆಟೀರಿಯಲ್ ದುಡ್ಡು ಯಾರದ್ದು ಅನ್ನೋದನ್ನ ಮೊದಲೇ ಬರೆದುಕೊಳ್ಳಿ. ಸ್ನೇಹ ಉಳಿಯೋದು ಅದರಿಂದಲೇ.

ಒಟ್ಟಿಗೆ ಕೊಳ್ಳುವುದನ್ನ ಇನ್ಸರ್ಟಿನಿಂದ ಶುರು ಮಾಡಿ. ಡಬ್ಬಿಯಲ್ಲಿ ಹತ್ತು ಇರುತ್ತವೆ, ಹೊಸ ಗ್ರೇಡ್ ಪರೀಕ್ಷೆ ಮಾಡೋಕೆ ಒಬ್ಬರಿಗೆ ಬೇಕಾದ್ದು ಎರಡು. ಕಬ್ಬಿಣದ ರಾಡ್ ಒಟ್ಟಿಗೆ ತರಿಸಿದರೆ ಬಿಲ್ ಅವರವರ ಹೆಸರಿಗೆ ಬೇರೆ ಬೇರೆ ಆಗಲಿ. ಒಬ್ಬರ ಹೆಸರಿಗೆ ತರಿಸಿ ಹಂಚಿದರೆ ಜಿಎಸ್‌ಟಿ ಲೆಕ್ಕ ಗೋಜಲಾಗುತ್ತದೆ. ಗೇಜ್, ಮೈಕ್ರೋಮೀಟರ್ ಕ್ಯಾಲಿಬ್ರೇಶನ್‌ಗೆ, ಅಂದರೆ ಅಳತೆ ಸರಿಯಿದೆಯಾ ಅಂತ ನೋಡಿಸೋಕೆ, ಎನ್‌ಎಬಿಎಲ್ (ಲ್ಯಾಬುಗಳನ್ನ ಪರೀಕ್ಷಿಸುವ ಮಂಡಳಿ) ಮಾನ್ಯತೆಯ ಲ್ಯಾಬ್‌ನವರನ್ನ ಒಂದೇ ದಿನ ಒಂದೇ ಶೆಡ್ಡಿಗೆ ಕರೆಸಿ. ಹನ್ನೆರಡು ಜನರ ಪೆಟ್ಟಿಗೆಗಳು ಅಲ್ಲಿಗೇ ಬರಲಿ. ನಮಗೆ ಕೈಗೆ ಸಿಕ್ಕ ಮೊದಲ ಉಳಿತಾಯ ಅದೇ.

ಪೇಮೆಂಟ್: ಒಬ್ಬನಿಗೆ ಹೆದರಿಕೆ, ಹನ್ನೆರಡು ಜನರಿಗೆ ಸ್ವಲ್ಪ ಕಮ್ಮಿ

ನನ್ನ ಒಂದು ದೊಡ್ಡ ಪಾರ್ಟಿ ಏಳು ತಿಂಗಳು ದುಡ್ಡು ಹಿಡಿದಿಟ್ಟುಕೊಂಡಿತ್ತು. ಕೇಳಿದರೆ ಕೆಲಸ ನಿಲ್ಲಿಸುತ್ತಾರೇನೋ ಅಂತ ಭಯ. ಹೆಂಡತಿಯ ಬಳೆ ಅಡ ಇಟ್ಟು ಸಂಬಳ ಕೊಟ್ಟೆ. ಆಗ ನನಗೆ ಕಾನೂನು ಗೊತ್ತಿರಲಿಲ್ಲ. ಗೊತ್ತಿದ್ದರೂ ಪ್ರಯೋಗ ಮಾಡುತ್ತಿದ್ದೆನಾ, ಅದು ಬೇರೆ ಮಾತು.

2006ರ ಎಂಎಸ್‌ಎಂಇ ಕಾಯ್ದೆ ಹೇಳುವುದಿಷ್ಟು. ಉದ್ಯಮ್ ನೋಂದಣಿ ಇರುವ ಅತಿಸಣ್ಣ, ಸಣ್ಣ ಘಟಕ ಮಾಡಿದ ಮಾಲಿಗೆ ಪಾರ್ಟಿ ಒಪ್ಪಂದದ ದಿನದೊಳಗೆ ದುಡ್ಡು ಕೊಡಬೇಕು, ಆ ಒಪ್ಪಂದ 45 ದಿನ ಮೀರುವ ಹಾಗಿಲ್ಲ. ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಆದಾಯ ತೆರಿಗೆ ಕಾನೂನಿನಲ್ಲೂ 2024ರ ಏಪ್ರಿಲ್‌ನಿಂದ ಒಂದು ಬಿಗಿ ಬಂದಿದೆ. ಈ ಅವಧಿಯೊಳಗೆ ಕೊಡದಿದ್ದರೆ ದುಡ್ಡು ಕೊಡುವ ತನಕ ಪಾರ್ಟಿ ಅದನ್ನ ಖರ್ಚು ಅಂತ ತೋರಿಸುವ ಹಾಗಿಲ್ಲ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಇದು ಅನ್ವಯಿಸಲ್ಲ, ನೆನಪಿರಲಿ.

ಇದನ್ನ ಬಳಸೋದು ಹೀಗೆ. ಪ್ರತಿ ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್, ಅತಿಸಣ್ಣ ಅಥವಾ ಸಣ್ಣ ಘಟಕ ಅಂತ ಮುದ್ರಿಸಿ. ಮಾಲು ತಲುಪಿದ ಚಲನ್ ಮೇಲೆ ಸೀಲು, ಸಹಿ, ತಾರೀಖು ಮೂರೂ ಇರಲಿ. ಮಾರ್ಚ್ ಮೊದಲ ವಾರ ಪಾರ್ಟಿಯ ಅಕೌಂಟ್ಸ್ ವಿಭಾಗಕ್ಕೆ ಬಾಕಿ ಪಟ್ಟಿಯ ಜೊತೆ ಒಂದು ವಿನಯದ ಪತ್ರ ಕಳಿಸಿ. ಪರ್ಚೇಸ್ ವಿಭಾಗ ಕೇಳದ ಮಾತನ್ನ ಅಕೌಂಟ್ಸ್‌ನವರು ಕೇಳುತ್ತಾರೆ, ಅವರಿಗೆ ಆಡಿಟರ್ ಭಯ. ಪತ್ರದ ನಮೂನೆ ಕೂಟದಲ್ಲಿ ಒಂದು ಮಾಡಿ ಎಲ್ಲರೂ ಇಟ್ಟುಕೊಳ್ಳಿ. ವಹಿವಾಟು 250 ಕೋಟಿ ಮೀರಿದ ಕಂಪನಿಗಳು ಟ್ರೆಡ್ಸ್ ವೇದಿಕೆಯಲ್ಲಿ ನೋಂದಾಯಿಸಲೇಬೇಕು. ಪಾರ್ಟಿ ನಿಮ್ಮ ಬಿಲ್ಲನ್ನ ಅಲ್ಲಿ ಒಪ್ಪಿದರೆ ಬ್ಯಾಂಕು ಬಡ್ಡಿ ಹಿಡಿದುಕೊಂಡು ಮೊದಲೇ ದುಡ್ಡು ಕೊಡುತ್ತದೆ. ಯಾವುದೂ ಆಗದಿದ್ದಾಗ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಅದು ಆ ಪಾರ್ಟಿಯ ಜೊತೆ ಮುಂದೆ ಕೆಲಸ ಮಾಡಲ್ಲ ಅಂತ ತೀರ್ಮಾನ ಆದ ಮೇಲೆ ಹಿಡಿಯುವ ದಾರಿ ಅನ್ನೋದು ನನ್ನ ಅನಿಸಿಕೆ.

ಯಾರು ಲೇಟಾಗಿ ಕೊಡುತ್ತಾರೆ ಅನ್ನೋ ಮಾತು ಮೇಜಿನ ಸುತ್ತ ಮಾತ್ರ ಇರಲಿ. ಯಾವ ಕಾರಣಕ್ಕೂ ವಾಟ್ಸಾಪಿನಲ್ಲಿ ಬರೆಯಬೇಡಿ, ಸ್ಕ್ರೀನ್‌ಶಾಟ್ ಎಲ್ಲಿಗಾದರೂ ಹೋಗುತ್ತದೆ.

ಒಂದು ವರ್ಷ ಆದ ಮೇಲೆ

ಈ ಹೊತ್ತಿಗೆ ಯಾರಾದರೂ ‘ರಿಜಿಸ್ಟರ್ ಮಾಡಿಸೋಣ, ಅಧ್ಯಕ್ಷರು, ಕಾರ್ಯದರ್ಶಿ ಅಂತ ಇರಲಿ’ ಅನ್ನುತ್ತಾರೆ. ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಇದ್ದರೆ ಸಂಘ ಆಗುತ್ತದೆ. ಕೂಟದ ಹೆಸರಿನಲ್ಲಿ ಬ್ಯಾಂಕ್ ಖಾತೆ ಬೇಕು, ಸೇರಿ ಒಂದು ಅಳತೆ ಯಂತ್ರ ಕೊಳ್ಳಬೇಕು ಅಂತಿದ್ದರೆ ಮಾಡಿಸಿ. ಆದರೆ ವರ್ಷ ವರ್ಷ ಲೆಕ್ಕ, ಸಭೆ ನಡಾವಳಿ, ಚುನಾವಣೆ ಎಲ್ಲ ಹಿಂದೆಯೇ ಬರುತ್ತವೆ. ಅಧ್ಯಕ್ಷರ ಕುರ್ಚಿ ಬಂದ ದಿನ ರಿಜೆಕ್ಟ್ ಆದ ಪೀಸು ಮೇಜಿನಿಂದ ಇಳಿಯುತ್ತದೆ ಅನ್ನೋ ಭಯ ನನಗೆ.

ಯಾರಾದರೂ ಬಿಟ್ಟರೆ ಮಾತ್ರ ಹೊಸಬರನ್ನ ಸೇರಿಸುತ್ತೇವೆ. ಕೇಳುವವರು ಜಾಸ್ತಿಯಾದಾಗ ‘ನೀವೇ ಒಂದು ಕಟ್ಟಿ, ಮೊದಲ ಎರಡು ಮೀಟಿಂಗಿಗೆ ನಮ್ಮಿಂದ ಇಬ್ಬರು ಬಂದು ಕೂರುತ್ತೇವೆ’ ಅನ್ನುತ್ತೇವೆ. ಹಾಗೆ ಪೀಣ್ಯದ ನಾಲ್ಕನೇ ಫೇಸಿನಲ್ಲಿ ಇನ್ನೊಂದು ಕೂಟ ಶುರುವಾಗಿದೆ.

ನಮ್ಮದು ಇನ್ನೂ ನೋಂದಣಿ ಆಗಿಲ್ಲ. ಲೆಕ್ಕವೆಲ್ಲ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿದೆ. ಅದನ್ನ ಇಟ್ಟುಕೊಂಡವರು ಡಬ್ಬಿ ಮಾಡುವವರು, ಯಾಕೆಂದರೆ ನಮ್ಮ ಪೈಕಿ ಅವರ ಕೈಗೆ ಮಾತ್ರ ಎಣ್ಣೆ ಅಂಟಿರಲ್ಲ.